ಮಾವುತನ ಮಗ ಯುದ್ಧಕ್ಕೆ ಹೋದ ಕಥೆ

ಬೀದರ್ ನಗರದಲ್ಲಿರುವ ನಿಮಗೆ ವಿಮಾನದ ಸದ್ದು ಹೊಸದೇನಲ್ಲ. ಭಾನುವಾರ ಬಲಿಪೂಜೆ ಮುಗಿಸಿ ದೇವಾಲಯದ ಮೆಟ್ಟಿಲಿಳಿಯುವಾಗ ವಾಯುಪಡೆಯ ತರಬೇತಿ ವಿಮಾನದ ಸದ್ದಿಗೆ ಮಾತು ಅರ್ಧಕ್ಕೇ ನಿಂತ ಅನುಭವ ನಿಮಗೂ ಇರಬಹುದು. ಭಾಲ್ಕಿಯ ತೊಗರಿ ಹೊಲದಲ್ಲಿ ಕಳೆ ಕೀಳುವವರೂ, ಔರಾದಿನ ಶಾಲೆಯ ಅಂಗಳದಲ್ಲಿ ಆಡುವ ಮಕ್ಕಳೂ ವಿಮಾನ ಕಂಡರೆ ಒಂದು ಕ್ಷಣ ತಲೆಯೆತ್ತಿ ನೋಡುತ್ತಾರೆ. ದೊಡ್ಡವನಾದ ಮೇಲೆ ಏನಾಗುತ್ತೀ ಎಂದು ಆ ಮಕ್ಕಳನ್ನು ಕೇಳಿದರೆ, ಪೈಲಟ್ ಆಗುತ್ತೇನೆ ಎಂಬ ಉತ್ತರ ಬರುವುದು ಸಹಜ. ವಿಮಾನದ ಹೊಟ್ಟೆಯೊಳಗೆ ಮುದುಡಿ ಕುಳಿತು, ಯಾರ ಕಣ್ಣಿಗೂ ಬೀಳದೆ ಕೆಲಸ ಮಾಡುತ್ತೇನೆ ಎಂದು ಯಾವ ಮಗು ತಾನೇ ಹೇಳೀತು?

ಪ್ರಿಯ ಓದುಗರೇ, ಈ ವಾರ ಅಂಥ ಜಾಗದಲ್ಲಿ ಕುಳಿತು ಎರಡನೆಯ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದ ನಮ್ಮದೇ ನಾಡಿನ ಒಬ್ಬರ ಬದುಕನ್ನು ನೋಡೋಣ. ಆ ಜಾಗಕ್ಕೆ ಹೋಗುವ ಮೊದಲೇ ಅವರ ಮುಖ ಲೋಕಕ್ಕೆಲ್ಲ ಪರಿಚಿತವಾಗಿತ್ತು. ಅವರ ಹೆಸರು ಸಾಬು. ಬೀದರ್ ಜಿಲ್ಲೆಯನ್ನು ಕರ್ನಾಟಕದ ಮುಕುಟ ಎನ್ನುತ್ತೇವಲ್ಲ, ಸಾಬು ಹುಟ್ಟಿದ್ದು ಅದೇ ಕರ್ನಾಟಕದ ಪಾದದ ಬಳಿ, ಕೇರಳದ ಗಡಿಗೆ ಹತ್ತಿರವಾದ ಕಾಡಿನಲ್ಲಿ.

ಕಾರಾಪುರದ ಹುಡುಗ

ಸಾಬು ಹುಟ್ಟಿದ್ದು 1924ರ ಜನವರಿ 27ರಂದು, ಅಂದಿನ ಮೈಸೂರು ಸಂಸ್ಥಾನದ ಕಾರಾಪುರದಲ್ಲಿ. ಹೆಗ್ಗಡದೇವನಕೋಟೆ ಭಾಗದ ಈ ಕಾಡು ಆನೆಗಳಿಗೆ ಹೆಸರಾದದ್ದು. ಕಾಡಾನೆಗಳನ್ನು ಹಿಂಡು ಹಿಂಡಾಗಿ ಅಟ್ಟಿ ತಂದು, ಗಟ್ಟಿ ಮರದ ದಿಮ್ಮಿಗಳ ಬೇಲಿಯೊಳಗೆ ಕೂಡಿ ಹಿಡಿಯುವ ಖೆಡ್ಡಾ ಇಲ್ಲೇ ನಡೆಯುತ್ತಿತ್ತು. ರಾಜಮಹಾರಾಜರೂ ವೈಸರಾಯರೂ ಅದನ್ನು ನೋಡಲು ಬರುತ್ತಿದ್ದರು. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆಮೇಲೆ ಕಬಿನಿ ಅಣೆಕಟ್ಟಿನ ನೀರು ಆ ಜಾಗದ ಬಹುಭಾಗವನ್ನು ಮುಳುಗಿಸಿತು.

ಖೆಡ್ಡಾ ಎಂದರೆ ನೋಡುವವರಿಗೆ ಮೋಜು. ಮಾವುತರಿಗೆ ಮಾತ್ರ ಅದು ಜೀವವನ್ನು ಅಂಗೈಯಲ್ಲಿ ಹಿಡಿದು ಮಾಡುವ ಕೆಲಸ. ಸಾಬುವಿನ ತಂದೆ ಮೈಸೂರು ಮಹಾರಾಜರ ಸೇವೆಯಲ್ಲಿದ್ದ ಅಂಥ ಒಬ್ಬ ಮಾವುತ. ಬಡ ಮುಸಲ್ಮಾನ ಕುಟುಂಬ. ತಾಯಿ ಮಗು ಎಳೆಯದಿರುವಾಗಲೇ ತೀರಿಕೊಂಡರು. ಹುಡುಗ ಬೆಳೆದದ್ದು ತಂದೆಯ ಜೊತೆಯಲ್ಲಿ, ಆನೆಗಳ ನಡುವೆ. ಸ್ವಲ್ಪ ಕಾಲಕ್ಕೆ ತಂದೆಯೂ ಹೋದರು. ಉಳಿದವನು ಅಣ್ಣ ಶೇಖ್ ದಸ್ತಗೀರ್ ಒಬ್ಬನೇ. ಆಗ ಆಳುತ್ತಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ಅನಾಥನಾದ ಸಾಬುವಿಗೆ ಮೈಸೂರಿನ ಅರಮನೆಯ ಆನೆ ಲಾಯದಲ್ಲಿ ನೆಲೆ ಸಿಕ್ಕಿತು. ಆನೆಗಳಿಗೆ ಮೇವು ಹಾಕುವುದು, ನೀರಿಗೆ ಕರೆದೊಯ್ಯುವುದು, ಮೈ ತೊಳೆಯುವುದು, ಇಂಥ ಕೆಲಸಗಳ ನಡುವೆ ಅವನ ದಿನಗಳು ಸಾಗಿದವು.

ತಾಯಿತಂದೆಯರಿಲ್ಲದ, ಶಾಲೆಯ ಮುಖ ಸರಿಯಾಗಿ ಕಾಣದ ಈ ಹುಡುಗನ ಮುಂದಿನ ದಾರಿ ಏನೆಂದು ಆಗ ಯಾರನ್ನು ಕೇಳಿದ್ದರೂ, ತಂದೆಯಂತೆ ಮಾವುತನಾಗುತ್ತಾನೆ ಎಂದೇ ಹೇಳುತ್ತಿದ್ದರು.

ಕ್ಯಾಮೆರಾದ ಕಣ್ಣಿಗೆ ಬಿದ್ದವನು

1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕದ ಚಿತ್ರ ನಿರ್ದೇಶಕರು ತಮ್ಮ ತಂಡದೊಂದಿಗೆ ಮೈಸೂರಿಗೆ ಬಂದಿಳಿದರು. ಹಿಮದ ನಾಡಿನ ಎಸ್ಕಿಮೋ ಕುಟುಂಬವೊಂದರ ಬದುಕನ್ನು ಚಿತ್ರವಾಗಿಸಿ 1922ರಲ್ಲೇ ಹೆಸರು ಮಾಡಿದವರು ಅವರು. ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ಅವರನ್ನು ಈ ಸಲ ಕಳುಹಿಸಿದ್ದು, ಕಿಪ್ಲಿಂಗ್ ಬರೆದ ಆನೆ ಮತ್ತು ಹುಡುಗನ ಕಥೆಯೊಂದನ್ನು ಚಿತ್ರ ಮಾಡಲು. ಆನೆಗೇನೋ ಮೈಸೂರಿನಲ್ಲಿ ಬರವಿರಲಿಲ್ಲ. ಅರಮನೆಯ ದೊಡ್ಡ ಆನೆ ಐರಾವತವೇ ಚಿತ್ರಕ್ಕೆ ಒದಗಿತು. ಸಿಗಬೇಕಾಗಿದ್ದದ್ದು ಆನೆಗೆ ಹೆದರದ ಒಬ್ಬ ಹುಡುಗ.

ಸಾಬುವನ್ನು ಅರಮನೆಯ ಆನೆ ಲಾಯದಲ್ಲಿ ಗುರುತಿಸಿದವರು ತಂಡದ ಛಾಯಾಗ್ರಾಹಕ ಆಸ್ಮಂಡ್ ಬೊರಡೇಲ್. ಕೆನಡಾ ದೇಶದವರು. ಸ್ಟುಡಿಯೋದ ನಾಲ್ಕು ಗೋಡೆಯೊಳಗಿನ ಕೆಲಸಕ್ಕಿಂತ ಕಾಡು, ಮರುಭೂಮಿ, ಹಿಮ ಎಂದು ಕ್ಯಾಮೆರಾ ಹೊತ್ತು ತಿರುಗುವುದರಲ್ಲಿ ಪಳಗಿದವರು. ಈ ಹೆಸರನ್ನು ನೆನಪಿಟ್ಟುಕೊಳ್ಳಿ. ಯುದ್ಧದ ಮಾತು ಬಂದಾಗ ಅವರು ಮತ್ತೆ ಬರುತ್ತಾರೆ.

ಹನ್ನೊಂದು ವರ್ಷದ ಸಾಬುವಿಗೆ ಇಂಗ್ಲಿಷ್ ಬಾರದು. ನಟನೆ ಎಂದರೇನೆಂದು ಗೊತ್ತಿಲ್ಲ. ಆದರೆ ಆನೆಯ ಸೊಂಡಿಲಿನ ಮೇಲೆ ಕಾಲಿಟ್ಟು ನೆತ್ತಿಗೇರುವುದು ಅವನಿಗೆ ನಮ್ಮ ಮಕ್ಕಳು ಜಗಲಿ ಹತ್ತಿದಷ್ಟೇ ಸಲೀಸು. ಕ್ಯಾಮೆರಾದ ಮುಂದೆ ಅವನಿಗೆ ಅಂಜಿಕೆಯೂ ಇರಲಿಲ್ಲ, ಬಿಗುಮಾನವೂ ಇರಲಿಲ್ಲ. ಮೈಸೂರಿನ ಸುತ್ತಮುತ್ತ, ಕಾರಾಪುರದ ಕಾಡಿನಲ್ಲಿ ತಿಂಗಳುಗಟ್ಟಲೆ ಚಿತ್ರೀಕರಣ ನಡೆಯಿತು. 1936ರಲ್ಲಿ ಅಣ್ಣನ ಜೊತೆ ಸಾಬುವನ್ನು ಇಂಗ್ಲೆಂಡಿಗೆ ಕರೆದೊಯ್ದರು. ಉಳಿದ ಭಾಗವನ್ನು ಅಲ್ಲಿಯ ಸ್ಟುಡಿಯೋದಲ್ಲಿ ಜೋಲ್ಟಾನ್ ಕೋರ್ಡಾ ಮುಗಿಸಿದರು. ಎಲಿಫೆಂಟ್ ಬಾಯ್ ಎಂಬ ಆ ಚಿತ್ರ 1937ರಲ್ಲಿ ತೆರೆ ಕಂಡಿತು. ಅದೇ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಇಬ್ಬರು ನಿರ್ದೇಶಕರಿಗೂ ಪ್ರಶಸ್ತಿ ಬಂತು. ಜನರ ಬಾಯಲ್ಲಿ ಉಳಿದದ್ದು ಮಾತ್ರ ಆನೆಯ ಮೇಲೆ ನಗುತ್ತ ಕುಳಿತ ಮೈಸೂರಿನ ಹುಡುಗನ ಹೆಸರು.

ಪರದೇಶದಲ್ಲಿ ಬೆಳೆದವನು

ಇಂಗ್ಲೆಂಡಿನಲ್ಲಿ ಸಾಬುವನ್ನು ಶಾಲೆಗೆ ಸೇರಿಸಿದರು. ಅವನು ಬೇಗ ಇಂಗ್ಲಿಷ್ ಕಲಿತ. 1938ರಲ್ಲಿ ದಿ ಡ್ರಮ್ ಎಂಬ ಎರಡನೆಯ ಚಿತ್ರ ಬಂತು. ವಾಯವ್ಯ ಗಡಿನಾಡಿನಲ್ಲಿ ಬ್ರಿಟಿಷರ ಪಕ್ಷ ವಹಿಸುವ ರಾಜಕುಮಾರನ ಪಾತ್ರ ಅದರಲ್ಲಿ ಅವನದು. ಸ್ವಾತಂತ್ರ್ಯ ಚಳವಳಿಯ ಕಾವು ಏರಿದ್ದ ನಮ್ಮ ದೇಶದಲ್ಲಿ ಈ ಚಿತ್ರದ ಮೇಲೆ ಜನ ಸಿಟ್ಟಾದರು. ಮುಂಬಯಿಯಲ್ಲಿಯೂ ಮದ್ರಾಸಿನಲ್ಲಿಯೂ ಪ್ರತಿಭಟನೆ ನಡೆಯಿತು, ಪ್ರದರ್ಶನ ನಿಂತಿತು. ಕಥೆ ಬರೆದವರು ಬೇರೆ, ಹಣ ಹಾಕಿದವರು ಬೇರೆ. ಪರದೆಯ ಮೇಲೆ ಕಂಡ ಮುಖ ಮಾತ್ರ ಹದಿನಾಲ್ಕು ವರ್ಷದ ಆ ಹುಡುಗನದು.

ಮೂರನೆಯ ಚಿತ್ರ ದಿ ಥೀಫ್ ಆಫ್ ಬಾಗ್ದಾದ್. ಬಾಟಲಿಯಿಂದ ಹೊರಬರುವ ಜಿನ್, ಹಾರುವ ಚಾಪೆ, ಇವುಗಳ ನಡುವೆ ಕಿಲಾಡಿ ಕಳ್ಳ ಹುಡುಗನಾಗಿ ಸಾಬು. 1939ರಲ್ಲಿ ಇಂಗ್ಲೆಂಡಿನಲ್ಲಿ ಕೆಲಸ ನಡೆಯುತ್ತಿರುವಾಗಲೇ ಯುದ್ಧ ಶುರುವಾಯಿತು. ಕೋರ್ಡಾ ಇಡೀ ಕೆಲಸವನ್ನು ಅಮೆರಿಕಕ್ಕೆ ಸಾಗಿಸಿದರು. ಹಾಲಿವುಡ್ಡಿನಲ್ಲಿ ಮುಗಿದು 1940ರಲ್ಲಿ ಬಿಡುಗಡೆಯಾದ ಆ ಚಿತ್ರಕ್ಕೆ ಮೂರು ಆಸ್ಕರ್ ಪ್ರಶಸ್ತಿಗಳು ಬಂದವು. 1942ರಲ್ಲಿ ಜಂಗಲ್ ಬುಕ್. ತೋಳಗಳು ಸಾಕಿದ ಮೌಗ್ಲಿಯ ಪಾತ್ರಕ್ಕೆ ಕಾರಾಪುರದ ಕಾಡಿನ ಮಗನಿಗಿಂತ ತಕ್ಕವನು ಇನ್ನಾರು? ಅಲ್ಲಿಂದ ಮುಂದೆ ಯೂನಿವರ್ಸಲ್ ಕಂಪನಿಯ ಬಣ್ಣಬಣ್ಣದ ಅರಬ್ಬೀ ಕಥೆಗಳು ಒಂದರ ಹಿಂದೆ ಒಂದು ಬಂದವು.

ಯುದ್ಧದಿಂದಾಗಿ ಅಮೆರಿಕಕ್ಕೆ ಬಂದ ಸಾಬು ಅಲ್ಲೇ ಉಳಿದ. ಹತ್ತೊಂಬತ್ತು ವರ್ಷಕ್ಕೆ ಅವನ ಬಳಿ ಹಣವಿತ್ತು, ಹೆಸರಿತ್ತು. ಯುದ್ಧಕ್ಕಾಗಿ ಸರ್ಕಾರ ಹೊರಡಿಸಿದ ಸಾಲಪತ್ರಗಳನ್ನು ಕೊಳ್ಳುವಂತೆ ಜನರನ್ನು ಒಪ್ಪಿಸಲು ಊರೂರು ಸುತ್ತಿಯೂ ಬಂದಿದ್ದ.

ಕ್ಯಾಮೆರಾ ಹೊತ್ತು ರಣರಂಗಕ್ಕೆ

ಆ ಯುದ್ಧದಲ್ಲಿ ಚಿತ್ರರಂಗದವರು ಸುಮ್ಮನೆ ಕೂರಲಿಲ್ಲ. ಯುದ್ಧ ಹೇಗೆ ನಡೆಯುತ್ತಿದೆ ಎಂದು ಊರಿನಲ್ಲಿರುವ ಜನರಿಗೆ ತೋರಿಸಲು, ಹೊಸ ಸೈನಿಕರಿಗೆ ಪಾಠ ಹೇಳಲು, ಬಾಂಬು ಎಲ್ಲಿ ಬಿತ್ತೆಂದು ಅಧಿಕಾರಿಗಳು ಪರೀಕ್ಷಿಸಲು, ಎಲ್ಲಕ್ಕೂ ಚಿತ್ರ ಬೇಕಾಗಿತ್ತು. ಹೀಗಾಗಿ ಸೈನ್ಯದಲ್ಲಿ ಕ್ಯಾಮೆರಾ ಹಿಡಿದವರದೇ ತುಕಡಿಗಳು ಹುಟ್ಟಿದವು.

ಸಾಬುವನ್ನು ಗುರುತಿಸಿದ್ದ ಬೊರಡೇಲ್ ಬ್ರಿಟಿಷ್ ಸೇನೆಯ ಚಿತ್ರೀಕರಣ ಘಟಕ ಸೇರಿ ಆಫ್ರಿಕಾದ ಯುದ್ಧಭೂಮಿಗೆ ಹೋದರು. ಐರಿಷ್ ಕಥೋಲಿಕ ಮನೆತನದ ಹೆಸರಾಂತ ನಿರ್ದೇಶಕ ಜಾನ್ ಫೋರ್ಡ್ ಅಮೆರಿಕದ ನೌಕಾಪಡೆಯ ಸಮವಸ್ತ್ರ ತೊಟ್ಟು, 1942ರ ಜೂನ್ ತಿಂಗಳಲ್ಲಿ ಮಿಡ್‌ವೇ ದ್ವೀಪದ ಮೇಲೆ ಜಪಾನಿ ವಿಮಾನಗಳು ಎರಗಿದಾಗ ಅಲ್ಲೇ ನಿಂತು ಚಿತ್ರೀಕರಿಸಿದರು. ಅವರ ತೋಳಿಗೆ ಗಾಯವಾಯಿತು. ವಿಲಿಯಂ ವೈಲರ್ ಎಂಬ ಇನ್ನೊಬ್ಬ ನಿರ್ದೇಶಕರು ಜರ್ಮನಿಯ ಮೇಲೆ ದಾಳಿಗೆ ಹೋಗುವ ಬಾಂಬರ್ ವಿಮಾನಗಳಲ್ಲೇ ಕ್ಯಾಮೆರಾ ಹಿಡಿದು ಹಾರಿದರು. ಅವರ ತಂಡದ ಹೆರಾಲ್ಡ್ ಟ್ಯಾನೆನ್‌ಬಾಮ್ ಅಂಥದೊಂದು ಹಾರಾಟದಿಂದ ತಿರುಗಿ ಬರಲಿಲ್ಲ. ಮುಂದೆ ಇಟಲಿಯಲ್ಲಿ ವಿಮಾನದಿಂದ ಚಿತ್ರೀಕರಿಸುವಾಗ ಆ ಭಾರೀ ಸದ್ದಿಗೆ ವೈಲರ್ ತಮ್ಮ ಶ್ರವಣಶಕ್ತಿಯನ್ನೇ ಬಹುಮಟ್ಟಿಗೆ ಕಳೆದುಕೊಂಡರು. ಯುದ್ಧದ ಚಿತ್ರ ನೋಡುವಾಗ ಎದುರಿಗೆ ಕಾಣುವ ಸೈನಿಕನನ್ನು ನಾವು ಗಮನಿಸುತ್ತೇವೆ. ಅದೇ ಗುಂಡಿನ ಮಳೆಯಲ್ಲಿ, ಕೈಯಲ್ಲಿ ಬಂದೂಕಿಲ್ಲದೆ ನಿಂತು ಆ ಚಿತ್ರ ತೆಗೆದವನ ನೆನಪು ನಮಗೆ ಬರುವುದಿಲ್ಲ.

ಹಾಲಿವುಡ್ಡಿನ ಬಳಿಯ ಕಲ್ವರ್ ಸಿಟಿಯಲ್ಲಿ ಅಮೆರಿಕದ ವಾಯುಪಡೆ ಒಂದು ಸ್ಟುಡಿಯೋವನ್ನೇ ತನ್ನ ವಶಕ್ಕೆ ತೆಗೆದುಕೊಂಡಿತ್ತು. ತರಬೇತಿ ಚಿತ್ರಗಳನ್ನು ಮಾಡುತ್ತಿದ್ದದ್ದೂ, ರಣರಂಗಕ್ಕೆ ಹೋಗುವ ಛಾಯಾಗ್ರಾಹಕರನ್ನು ತಯಾರು ಮಾಡುತ್ತಿದ್ದದ್ದೂ ಅಲ್ಲೇ. ಮುಂದೆ ಅಮೆರಿಕದ ಅಧ್ಯಕ್ಷರಾದ ರೊನಾಲ್ಡ್ ರೇಗನ್ ಸಹ ಯುದ್ಧಕಾಲದಲ್ಲಿ ಅಲ್ಲಿದ್ದರು. ಅದೂ ಬೇಕಾದ ಸೇವೆಯೇ. ಸಾಬುವೂ ವಾಯುಪಡೆ ಸೇರಿದ. ಆದರೆ ಅವನು ಹೋದದ್ದು ಈ ಸ್ಟುಡಿಯೋಕ್ಕಲ್ಲ, ಪೆಸಿಫಿಕ್ ಸಾಗರದ ಮೇಲೆ ಹಾರುವ ಬಾಂಬರ್ ವಿಮಾನಗಳ ದಳಕ್ಕೆ.

ಪೌರತ್ವ ಮತ್ತು ಸಮವಸ್ತ್ರ

ಇಲ್ಲಿ ಒಂದು ವಿಷಯ ಹೇಳಬೇಕು. ಆ ಕಾಲದಲ್ಲಿ ಅಮೆರಿಕದಲ್ಲಿ ನೆಲೆಸಿದ ಭಾರತೀಯನಿಗೆ ಅಲ್ಲಿಯ ಪೌರನಾಗುವ ಹಕ್ಕು ಇರಲಿಲ್ಲ. ಭಾರತೀಯರು ಬಿಳಿಯರಲ್ಲವಾದ್ದರಿಂದ ಪೌರತ್ವ ಸಲ್ಲದು ಎಂದು 1923ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತ್ತು. ಆ ಬಾಗಿಲು ಎಲ್ಲರಿಗೂ ತೆರೆದದ್ದು 1946ರ ಕಾನೂನಿನಿಂದ. ಅದಕ್ಕೆ ಮೊದಲು, ಸೈನ್ಯದ ಸಮವಸ್ತ್ರ ತೊಟ್ಟವರಿಗೆ ಮಾತ್ರ ಯುದ್ಧಕಾಲದ ವಿಶೇಷ ಕಾನೂನೊಂದು ದಾರಿ ಮಾಡಿಕೊಟ್ಟಿತ್ತು. ಸಾಬು ಅಮೆರಿಕದ ಪೌರನಾದದ್ದು 1944ರಲ್ಲಿ, ತನ್ನ ಇಪ್ಪತ್ತನೆಯ ವಯಸ್ಸಿನ ಹೊತ್ತಿಗೆ. ಚಿತ್ರಮಂದಿರದಲ್ಲಿ ಅವನಿಗೆ ಚಪ್ಪಾಳೆ ತಟ್ಟಿದ ದೇಶವೇ ಅವನ ಜನಾಂಗದವರನ್ನು ತನ್ನವರೆಂದು ಒಪ್ಪಿರಲಿಲ್ಲ ಎಂಬುದನ್ನು ನೀವು ಗಮನಿಸಬೇಕು.

ವಿಮಾನದ ಹೊಟ್ಟೆಯೊಳಗೆ

ಸಾಬು ಅವರಿಗೆ ದೊರೆತ ಕೆಲಸ ಬಿ-24 ಲಿಬರೇಟರ್ ಎಂಬ ವಿಮಾನದಲ್ಲಿ ಮೆಷಿನ್‌ಗನ್ ಹಿಡಿಯುವುದು. ನಾಲ್ಕು ಎಂಜಿನ್ನಿನ ಈ ಬಾಂಬರ್ ವಿಮಾನಗಳನ್ನು ಅಮೆರಿಕ ಯುದ್ಧಕಾಲದಲ್ಲಿ 18 ಸಾವಿರಕ್ಕೂ ಮೀರಿ ತಯಾರಿಸಿತು. ಒಂದು ವಿಮಾನದಲ್ಲಿ ಸಾಮಾನ್ಯವಾಗಿ ಹತ್ತು ಮಂದಿ. ಪೈಲಟ್, ಸಹ ಪೈಲಟ್, ದಾರಿ ಲೆಕ್ಕ ಹಾಕುವವನು, ಬಾಂಬು ಬಿಡುವವನು, ರೇಡಿಯೋ ನೋಡಿಕೊಳ್ಳುವವನು, ಮತ್ತೆ ಮೈಸುತ್ತ ಕಾವಲಿರುವ ಗನ್ನರುಗಳು. ಶತ್ರು ವಿಮಾನ ಹಿಂದಿನಿಂದಲೂ ಬರಬಹುದು, ಕೆಳಗಿನಿಂದಲೂ ಬರಬಹುದು. ಆದ್ದರಿಂದ ಬಾಲದ ತುದಿಯಲ್ಲಿ ಒಬ್ಬ, ಹೊಟ್ಟೆಯ ಕೆಳಗೆ ಒಬ್ಬ. ಸಾಬು ಈ ಎರಡೂ ಕಡೆ ಕುಳಿತು ಕೆಲಸ ಮಾಡಿದರು.

ಹೊಟ್ಟೆಯ ಕೆಳಗಿನ ಜಾಗ ಹೇಗಿತ್ತೆಂದು ಮನಸ್ಸಿಗೆ ತಂದುಕೊಳ್ಳಿ. ಲೋಹ ಮತ್ತು ಗಾಜಿನಿಂದ ಮಾಡಿದ ಒಂದು ಗುಂಡು. ನಮ್ಮ ಮನೆಗಳಲ್ಲಿ ಜೋಳ ತುಂಬಿಡುತ್ತಿದ್ದ ದೊಡ್ಡ ಗುಡಾಣಕ್ಕಿಂತ ಹೆಚ್ಚು ವಿಶಾಲವಿಲ್ಲ. ವಿಮಾನ ಮೇಲೆದ್ದ ಮೇಲೆ ಗನ್ನರ್ ಅದರೊಳಗೆ ಇಳಿಯುತ್ತಾನೆ. ಆಮೇಲೆ ಆ ಗುಂಡನ್ನು ವಿಮಾನದ ಹೊಟ್ಟೆಯಿಂದ ಹೊರಗೆ ಇಳಿಬಿಡುತ್ತಾರೆ. ಮೊಣಕಾಲು ಎದೆಗೆ ಮಡಚಿ, ತಾಯಿಯ ಗರ್ಭದಲ್ಲಿರುವ ಶಿಶುವಿನಂತೆ ಮುದುಡಿ ಕೂರಬೇಕು. ಅಕ್ಕಪಕ್ಕ ಎರಡು ಮೆಷಿನ್‌ಗನ್. ಕಾಲ ಕೆಳಗೆ ಬರೀ ಗಾಳಿ, ಅದರಾಚೆ ಸಮುದ್ರ. ಪ್ಯಾರಾಶೂಟ್ ಕಟ್ಟಿಕೊಳ್ಳಲು ಸಾಮಾನ್ಯವಾಗಿ ಒಳಗೆ ಜಾಗವಿರುವುದಿಲ್ಲ, ಅದನ್ನು ಮೇಲೆ ವಿಮಾನದಲ್ಲೇ ಇಟ್ಟಿರಬೇಕು. ಏನಾದರೂ ಆದರೆ ಮೇಲಿನವರು ಗುಂಡನ್ನು ಒಳಗೆಳೆದುಕೊಂಡ ಮೇಲೇ ಅವನಿಗೆ ಉಳಿಗಾಲ. ದೊಡ್ಡ ಮೈಕಟ್ಟಿನವರಿಗೆ ಅಲ್ಲಿ ಹಿಡಿಸುವುದಿಲ್ಲ. ಆದ್ದರಿಂದ ಚಿಕ್ಕ ಆಳ್ತನದವರನ್ನೇ ಆರಿಸುತ್ತಿದ್ದರು. ಆನೆಯ ಕತ್ತಿನ ಮೇಲೆ ಕೂರಲು ಒದಗಿದ ಸಾಬು ಅವರ ಹಗುರ ಮೈ ಈ ಕೆಲಸಕ್ಕೂ ಒದಗಿತು.

ಅವರು ಸೇರಿದ್ದು 307ನೆಯ ಬಾಂಬರ್ ದಳದ 370ನೆಯ ಸ್ಕ್ವಾಡ್ರನ್. ದೂರ ಹಾರುವುದಕ್ಕೆ ಹೆಸರಾದ ದಳ ಅದು. 1944ರಲ್ಲಿ ಬೋರ್ನಿಯೋ ದ್ವೀಪದ ಬಾಲಿಕ್‌ಪಾಪನ್‌ನಲ್ಲಿ ಜಪಾನಿನ ವಶವಿದ್ದ ಎಣ್ಣೆ ಶುದ್ಧೀಕರಣ ಕಾರ್ಖಾನೆಗಳ ಮೇಲೆ ಈ ದಳ ನಡೆಸಿದ ದಾಳಿಗಳಲ್ಲಿ ಹೋಗಿಬರುವ ದಾರಿಯೇ ಸುಮಾರು 2,500 ಮೈಲಿ. ಬೀದರಿನಿಂದ ದೆಹಲಿಗೆ ಹೋಗಿಬಂದರೂ ಅಷ್ಟಾಗುವುದಿಲ್ಲ. ಕೆಳಗೆ ನೀರೇ ನೀರು. ಎಂಜಿನ್ ಕೆಟ್ಟರೆ ಇಳಿಯಲು ನೆಲವಿಲ್ಲ. ಇಂಥ ದಳದೊಂದಿಗೆ ಸಾಬು ಹತ್ತಾರು ದಾಳಿಗಳಲ್ಲಿ ಹಾರಿದರು. ಹಾರಾಟದಲ್ಲಿ ತೋರಿದ ಶೌರ್ಯಕ್ಕೆ ಕೊಡುವ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಅವರಿಗೆ ಸಂದಿತು.

ಪದಕದ ಮಾತಿನಲ್ಲಿ ಇನ್ನೊಂದನ್ನು ಮರೆಯಬಾರದು. ಗನ್ನರ್ ಕೆಲಸ ತನ್ನ ವಿಮಾನವನ್ನೂ ಜೊತೆಗಾರರನ್ನೂ ಕಾಯುವುದು ನಿಜ. ಆದರೆ ಆ ವಿಮಾನ ಹೊತ್ತೊಯ್ಯುತ್ತಿದ್ದದ್ದು ಬಾಂಬುಗಳನ್ನು. ಅವು ಬಿದ್ದ ಕಡೆ ಸೈನಿಕರಿದ್ದರು, ಕೂಲಿ ಕೆಲಸಗಾರರೂ ಇದ್ದರು. ಯುದ್ಧ ಎಂದರೆ ಇದೇ. ಧೈರ್ಯವನ್ನು ಮೆಚ್ಚುವಾಗ ಅದಕ್ಕೆ ತೆತ್ತ ಬೆಲೆಯನ್ನೂ ನೆನೆಯಬೇಕು. 1945ರ ಆಗಸ್ಟಿನಲ್ಲಿ ಜಪಾನ್ ಶರಣಾದಾಗ, ಎರಡೂ ಕಡೆ ಎಷ್ಟೋ ಮನೆಗಳ ಮಕ್ಕಳು ಆ ಸಾಗರದ ಪಾಲಾಗಿದ್ದರು. ಸಾಬು ಬದುಕಿ ಮರಳಿದರು.

ಈ ಲಿಬರೇಟರ್ ವಿಮಾನಕ್ಕೂ ನಮ್ಮ ನಾಡಿಗೂ ಒಂದು ನಂಟಿದೆ. ಬೆಂಗಳೂರಿನ ವಿಮಾನ ಕಾರ್ಖಾನೆ, ಈಗಿನ ಎಚ್.ಎ.ಎಲ್., ಶುರುವಾದದ್ದು 1940ರಲ್ಲಿ, ಮೈಸೂರು ಸಂಸ್ಥಾನದ ನೆರವಿನಿಂದ. ಯುದ್ಧಕಾಲದಲ್ಲಿ ಅಮೆರಿಕದ ವಿಮಾನಗಳು ಅಲ್ಲಿ ದುರಸ್ತಿಯಾಗುತ್ತಿದ್ದವು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಗುಜರಿಯಂತೆ ಬಿಟ್ಟುಹೋಗಿದ್ದ ಹತ್ತಾರು ಲಿಬರೇಟರ್‌ಗಳನ್ನು ಬೆಂಗಳೂರಿಗೆ ತಂದು, ನಮ್ಮ ಕೆಲಸಗಾರರು ಮತ್ತೆ ಹಾರುವಂತೆ ಮಾಡಿದರು. 1948ರಿಂದ 1968ರವರೆಗೆ ಅವು ಭಾರತದ ವಾಯುಪಡೆಯಲ್ಲಿ ಸೇವೆ ಮಾಡಿದವು. ಸಾಬು ಅವರಿಗೆ ಆಶ್ರಯ ಕೊಟ್ಟ ಸಂಸ್ಥಾನದ ನೆಲದಲ್ಲೇ, ಅವರು ಕುಳಿತು ಕಾದಾಡಿದ ಮಾದರಿಯ ವಿಮಾನ ಎರಡನೆಯ ಜನ್ಮ ಪಡೆಯಿತು.

ಮರಳಿ ಬಂದ ಮೇಲೆ

ಯುದ್ಧದಿಂದ ಬಂದಾಗ ಸಾಬು ಅವರಿಗೆ ಇಪ್ಪತ್ತೊಂದು ವರ್ಷ. ಮತ್ತೆ ಕ್ಯಾಮೆರಾದ ಮುಂದೆ ನಿಂತರು. 1947ರಲ್ಲಿ ಬಂದ ಬ್ಲ್ಯಾಕ್ ನಾರ್ಸಿಸಸ್ ಅವರ ಒಳ್ಳೆಯ ಚಿತ್ರಗಳಲ್ಲೊಂದು. ಹಿಮಾಲಯದ ಬೆಟ್ಟದ ಮೇಲೆ ಆಂಗ್ಲಿಕನ್ ಸಭೆಯ ಕನ್ಯಾಸ್ತ್ರೀಯರು ಶಾಲೆ ಮತ್ತು ಆಸ್ಪತ್ರೆ ನಡೆಸಲು ಪಡುವ ಪಾಡು ಅದರ ಕಥೆ. ಸಾಬು ಅಲ್ಲಿ ಪಾಠ ಕಲಿಯಲು ಬರುವ ರಾಜಕುಮಾರ. ಅಮೆರಿಕದ ಕಥೋಲಿಕರ ಚಿತ್ರ ಪರಿಶೀಲನಾ ಸಂಸ್ಥೆ ಈ ಚಿತ್ರಕ್ಕೆ ಆಕ್ಷೇಪ ಎತ್ತಿದ್ದರಿಂದ ಕೆಲವು ದೃಶ್ಯಗಳನ್ನು ಅಲ್ಲಿ ಕತ್ತರಿಸಬೇಕಾಯಿತು.

1948ರಲ್ಲಿ ಸಾಬು ನಟಿ ಮರಿಲಿನ್ ಕೂಪರ್ ಅವರನ್ನು ಮದುವೆಯಾದರು. ಒಬ್ಬ ಮಗ, ಒಬ್ಬಳು ಮಗಳು ಹುಟ್ಟಿದರು. ಸಂಸಾರ ನಿಂತಿತು, ಆದರೆ ಚಿತ್ರಜೀವನ ಇಳಿಮುಖವಾಯಿತು. ಹಾಲಿವುಡ್ ಅವರಿಗೆ ಕೊಡುತ್ತಿದ್ದದ್ದು ಮತ್ತೆ ಅದೇ ಕಾಡು, ಅದೇ ಆನೆ, ಅದೇ ಮುಂಡಾಸು. ಹುಡುಗನಿಗೆ ಒಪ್ಪಿದ ವೇಷ ಗಂಡಸಿಗೆ ಒಪ್ಪಲಿಲ್ಲ. ಪದಕ ಪಡೆದ ಯೋಧನ ಪಾತ್ರವನ್ನು ಅವರಿಗೆ ಕೊಡಬಹುದೆಂದು ಯಾರಿಗೂ ಹೊಳೆಯಲಿಲ್ಲ. ಯುರೋಪಿಗೆ ಹೋಗಿ ಕೆಲಸ ಹುಡುಕಿದರು. ಇಟಲಿಯಲ್ಲಿ ವಿಟ್ಟೋರಿಯೋ ದೆ ಸೀಕಾ ಜೊತೆ ನಟಿಸಿದರು. ಲಂಡನ್ನಿನ ಸರ್ಕಸ್ಸಿನಲ್ಲಿ ಆನೆಗಳೊಂದಿಗೆ ಪ್ರದರ್ಶನ ಕೊಟ್ಟರು. ಮಾವುತನ ಮಗನಿಗೆ ಕಷ್ಟಕಾಲದಲ್ಲಿ ಮತ್ತೆ ಆನೆಯೇ ಅನ್ನ ಕೊಟ್ಟಿತು.

ತಾಯ್ನಾಡಿನಿಂದ ಒಂದು ಕರೆ ಬಂದಿತ್ತು. ಮೆಹಬೂಬ್ ಖಾನ್ ತಮ್ಮ ಮದರ್ ಇಂಡಿಯಾ ಚಿತ್ರದ ಬಿರ್ಜು ಪಾತ್ರಕ್ಕೆ ಸಾಬು ಅವರನ್ನು ಯೋಚಿಸಿದ್ದರು. ಆದರೆ ಅಮೆರಿಕದ ಪೌರರಾಗಿದ್ದ ಅವರಿಗೆ ಇಲ್ಲಿ ಕೆಲಸ ಮಾಡುವ ಪರವಾನಗಿ ದೊರೆಯಲಿಲ್ಲ. ಆ ಪಾತ್ರ ಸುನಿಲ್ ದತ್ ಅವರಿಗೆ ಹೋಯಿತು, 1957ರಲ್ಲಿ ಚಿತ್ರ ಬಂದಾಗ ದತ್ ಮನೆಮಾತಾದರು. ಹಿಂದೊಮ್ಮೆ ಅಮೆರಿಕದ ಕಾನೂನು ಭಾರತೀಯರನ್ನು ಹೊರಗಿಟ್ಟಿತ್ತು. ಈಗ ಹುಟ್ಟಿದ ದೇಶದ ಕಾನೂನಿಗೂ ಸಾಬು ಹೊರಗಿನವರು. ಪರದೇಶಕ್ಕೆ ಹೋಗಿ ನೆಲೆಸಿದ ಮಕ್ಕಳಿರುವ ಮನೆಯವರಿಗೆ ಈ ನೋವು ಅರ್ಥವಾದೀತು.

1960ರಲ್ಲಿ ಹಾಲಿವುಡ್ಡಿನ ಬೀದಿಯಲ್ಲಿ, ಖ್ಯಾತರ ಹೆಸರಿನ ನಕ್ಷತ್ರಗಳನ್ನು ನೆಲಕ್ಕೆ ಕೂರಿಸಿದಾಗ ಸಾಬು ಹೆಸರೂ ಸೇರಿತು. ಅದೇ ವರ್ಷ ಮನೆಗೆ ದೊಡ್ಡ ಆಘಾತ. ಬಾಲ್ಯದಿಂದ ಜೊತೆಗಿದ್ದ, ಕೈಹಿಡಿದು ಸಮುದ್ರ ದಾಟಿಸಿದ ಅಣ್ಣ ಶೇಖ್ ದಸ್ತಗೀರ್ ತನ್ನ ಪೀಠೋಪಕರಣದ ಅಂಗಡಿಯಲ್ಲಿ ದರೋಡೆಯ ವೇಳೆ ಕೊಲೆಯಾದರು. ಮೂರು ವರ್ಷದ ಬಳಿಕ, 1963ರ ಡಿಸೆಂಬರ್ 2ರಂದು, ಸಾಬು ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ ಇನ್ನೂ 39 ವರ್ಷ. ಲಾಸ್ ಏಂಜಲೀಸ್ ನಗರದ ಫಾರೆಸ್ಟ್ ಲಾನ್ ಸ್ಮಶಾನದಲ್ಲಿ ಅವರನ್ನು ಮಣ್ಣು ಮಾಡಿದರು. ಕೊನೆಯ ಚಿತ್ರ ತೆರೆಗೆ ಬಂದದ್ದು ಅವರು ಹೋದ ಮೇಲೆ.

ನಿಮ್ಮ ಮನೆಯಲ್ಲಿ

ಸಾಬು ಬದುಕನ್ನು ನೋಡಿದಾಗ ಒಂದು ವಿಷಯ ಮನಸ್ಸಿಗೆ ನಾಟುತ್ತದೆ. ಬಾಲ್ಯದಿಂದ ಬೆಳೆಯುವವರೆಗೆ ಅವರ ಮುಂದೆ ಸದಾ ಒಂದು ಕ್ಯಾಮೆರಾ ಇತ್ತು. ಅದು ಹೇಳಿದಂತೆ ಅವರು ನಕ್ಕರು, ಓಡಿದರು, ಆನೆ ಹತ್ತಿದರು. ಪರದೆಯ ಮೇಲೆ ಅವರು ಗೆದ್ದ ಸಾಹಸಗಳೆಲ್ಲ ಬೇರೆಯವರು ಬರೆದುಕೊಟ್ಟವು. ಯುದ್ಧದಲ್ಲಿ ಆ ಗಾಜಿನ ಗುಂಡಿನೊಳಗೆ ಕುಳಿತಾಗ ಎದುರಿಗೆ ನಿರ್ದೇಶಕರಿರಲಿಲ್ಲ, ಚಪ್ಪಾಳೆ ತಟ್ಟುವವರಿರಲಿಲ್ಲ. ಮೇಲಿದ್ದ ಒಂಬತ್ತು ಮಂದಿ ಜೊತೆಗಾರರು, ಕೆಳಗೆ ಯಾರೂ ಬರದಂತೆ ಅವನಿದ್ದಾನೆ ಎಂದು ನಂಬಿದ್ದರು. ಅಷ್ಟೇ. ಇಂದಿಗೂ ಜನ ಸಾಬು ಎಂದರೆ ಆನೆಯ ಮೇಲಿನ ಹುಡುಗನನ್ನೇ ನೆನೆಯುತ್ತಾರೆ. ತನ್ನದೇ ಜೀವ ಪಣವಿಟ್ಟ ಆ ದಿನಗಳನ್ನು ನೆನೆಯುವವರು ಕಡಿಮೆ.

ಬೀದರ್, ಭಾಲ್ಕಿ, ಔರಾದಿನ ಎಷ್ಟೋ ಮನೆಗಳಿಂದ ಮಕ್ಕಳು ಹೈದರಾಬಾದಿಗೋ ಪುಣೆಗೋ ಮುಂಬಯಿಗೋ ದುಡಿಯಲು ಹೋಗಿದ್ದಾರೆ. ಕೆಲವರು ಸೈನ್ಯದಲ್ಲಿದ್ದಾರೆ. ಒಬ್ಬ ರಾತ್ರಿ ಪಾಳಿಯಲ್ಲಿ ಕಾವಲು ಕಾಯುತ್ತಾನೆ, ಒಬ್ಬಳು ಆಸ್ಪತ್ರೆಯಲ್ಲಿ ರೋಗಿಗಳ ಸೇವೆ ಮಾಡುತ್ತಾಳೆ, ಇನ್ನೊಬ್ಬ ಕಟ್ಟಡದ ಮೇಲೆ ಗಾರೆ ಹೊರುತ್ತಾನೆ. ಅವರ ಫೋಟೋ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಅವರು ಫೋನ್ ಮಾಡಿದಾಗ ಸಂಬಳ ಎಷ್ಟು, ಹಣ ಯಾವಾಗ ಕಳಿಸುತ್ತೀ ಎಂದು ಕೇಳುವುದು ನಮಗೆ ರೂಢಿ. ಈ ಸಲ ಬೇರೆ ಒಂದು ಪ್ರಶ್ನೆ ಕೇಳಿ ನೋಡಿ. ನೀನು ದಿನವೂ ಏನು ಮಾಡುತ್ತೀ, ನಿನ್ನನ್ನು ನಂಬಿಕೊಂಡು ಅಲ್ಲಿ ಯಾರು ಇದ್ದಾರೆ ಎಂದು ಕೇಳಿ. ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ.

ಮುಂದಿನ ಸಲ ತಲೆಯ ಮೇಲೆ ವಿಮಾನ ಹಾದುಹೋದಾಗ, ಅಂಗಳದಲ್ಲಿ ನಿಂತು ಕೈ ಬೀಸುವ ನಿಮ್ಮ ಮಗುವಿಗೆ ಕಾರಾಪುರದ ಮಾವುತನ ಮಗನ ಈ ಕಥೆ ಹೇಳಿ.